ಮುಕ್ಕಾಲು ಪಾಲಿನ ಹೊಲಗಳು

ಸೂರ್ಯಕಾಂತನ ಹೆದರಿಕೆಗೆ ಒಂದು ಶಿಸ್ತಿತ್ತು. ಬೆಳಿಗ್ಗೆ ಏಳಕ್ಕೆ ಗ್ಯಾಸ್ ಸಿಲಿಂಡರಿಗೆ ಹೆದರುವುದು, ಎಂಟಕ್ಕೆ ಲಿಫ್ಟಿಗೆ, ಒಂಬತ್ತಕ್ಕೆ ಮೆಟ್ರೋ ಬಾಗಿಲಿಗೆ, ಹತ್ತರಿಂದ ಆರರವರೆಗೆ ಬೇಗಂಪೇಟೆಯ ಆಫೀಸಿನಲ್ಲಿ ಮ್ಯಾನೇಜರಿಗೆ. ಭಾನುವಾರ ಇವೆಲ್ಲಕ್ಕೂ ರಜೆ. ಅಂದು ಮಾವನವರಿಗೆ ಮಾತ್ರ ಹೆದರುತ್ತಿದ್ದ, ಮತ್ತು ಆ ಒಂದು ಹೆದರಿಕೆ ಉಳಿದ ಆರು ದಿನಗಳದ್ದನ್ನು ಸರಿದೂಗಿಸುತ್ತಿತ್ತು.

ಮಾವ ಶಿವಶರಣಪ್ಪನವರು ಕಲಬುರಗಿ ಕಡೆಯವರು. ನಲವತ್ತು ವರ್ಷದಿಂದ ಹೈದರಾಬಾದಿನಲ್ಲಿ ತೊಗರಿಬೇಳೆಯ ಸಗಟು ವ್ಯಾಪಾರ. ನಾಲ್ಕು ಕಾಳನ್ನು ಅಂಗೈಮೇಲೆ ಹಾಕಿಕೊಂಡರೆ ಸಾಕು, ಯಾವ ಸೀಮೆಯದು, ಎಷ್ಟು ತಿಂಗಳು ಗೋದಾಮಿನಲ್ಲಿತ್ತು ಎಂದು ಹೇಳಿಬಿಡುವವರು. ಅಳಿಯನನ್ನೂ ಹನ್ನೆರಡು ವರ್ಷದಿಂದ ಹಾಗೆಯೇ ಅಂಗೈಮೇಲೆ ಇಟ್ಟುಕೊಂಡು ನೋಡುತ್ತಿದ್ದರು. ಇನ್ನೂ ಏನೂ ಹೇಳಿರಲಿಲ್ಲ.

ಅವರು ಮಂಜೀರಾ ಕನ್ನಡ ಬಳಗದ ಅಧ್ಯಕ್ಷರೂ ಹೌದು. ನಲವತ್ತೆಂಟು ಮನೆಗಳ ಆ ಬಳಗಕ್ಕೆ ವರ್ಷಕ್ಕೊಂದೇ ದೊಡ್ಡ ಹಬ್ಬ, ಎಳ್ಳಮಾವಾಸ್ಯೆ. ಆ ದಿನ ಭೂತಾಯಿ ಬಸುರಿ ಎಂದು ಆ ಕಡೆಯವರ ನಂಬಿಕೆ. ಬಸುರಿಯ ಬಯಕೆ ತೀರಿಸಬೇಕಲ್ಲ, ಅದಕ್ಕೆ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಬಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ ಹೊತ್ತುಕೊಂಡು ಹೊಲಕ್ಕೆ ಹೋಗಿ, ನೈವೇದ್ಯ ಹಿಡಿದು, ಆ ಅಡುಗೆಯನ್ನೇ ಚರಗವೆಂದು ಬೆಳೆಯೊಳಗೆಲ್ಲ ಚೆಲ್ಲಿ, ಅವಳು ಉಂಡ ಮೇಲೆ ತಾವು ಉಣ್ಣುತ್ತಾರೆ. ಹೈದರಾಬಾದಿನಲ್ಲಿ ಹೊಲ ಎಲ್ಲಿಂದ ತರುವುದು? ಶಂಕರಪಲ್ಲಿ ದಾರಿಯಲ್ಲಿ ಮಲ್ಲಯ್ಯ ಎಂಬ ತೆಲುಗು ರೈತನ ಜೋಳದ ಹೊಲವನ್ನು ಒಂದು ದಿನದ ಮಟ್ಟಿಗೆ ಕೇಳಿಕೊಳ್ಳುತ್ತಿದ್ದರು. ಆದರೆ ಬೇರೆಯವರ ಹೊಲದಲ್ಲಿ ಚೆಲ್ಲಿದ ಚರಗ ತಮ್ಮ ಹೊಲಕ್ಕೆ ಮುಟ್ಟುವುದು ಹೇಗೆ ಎಂಬ ತಕರಾರು ಬಂತು. ಶಿವಶರಣಪ್ಪನವರೇ ಏಳು ವರ್ಷದ ಹಿಂದೆ ಒಂದು ಪದ್ಧತಿ ಕಟ್ಟಿದರು. ಊರಲ್ಲಿರುವ ಒಂದೊಂದು ಮನೆಯ ಹೊಲದ ಹೆಸರನ್ನು ಅವರು ಗಟ್ಟಿಯಾಗಿ ಕೂಗುವುದು, ಆ ಮನೆಯವರು ಒಂದು ಹಿಡಿ ಚರಗ ಚೆಲ್ಲಿ ತಮ್ಮೂರಿನ ರೀತಿಯಲ್ಲಿ ಓಗೊಡುವುದು.

ಹೆಸರು ತಪ್ಪಿದರೆ ಬಸುರಿಯನ್ನು ಬಾಗಿಲಿಂದ ಉಪವಾಸ ಕಳಿಸಿದ ಹಾಗೆ. ಒಂದು ವರ್ಷ ಒಬ್ಬರದು ತಪ್ಪಿತ್ತು. ಆ ವರ್ಷ ಅವರ ಎಮ್ಮೆ ಸತ್ತಿತು, ಮಗ ಇಂಟರ್ ಫೇಲಾದ, ಸ್ಕೂಟರು ಕಳುವಾಯಿತು. ಮೂರನ್ನೂ ಅವರು ಅಧ್ಯಕ್ಷರ ತಲೆಗೇ ಕಟ್ಟಿದರು. ಅಂದಿನಿಂದ ಶಿವಶರಣಪ್ಪನವರು ಹೆಸರಿನ ಪಟ್ಟಿಯ ವಿಷಯದಲ್ಲಿ ತಮ್ಮ ನೆರಳನ್ನೂ ನಂಬುತ್ತಿರಲಿಲ್ಲ.

ಪಟ್ಟಿ ಬರೆಯುತ್ತಿದ್ದವರು ಬೂದೆಪ್ಪ, ಮೂವತ್ತಾರು ವರ್ಷ ತಲಾಟಿಯಾಗಿ ಊರ ಜಮೀನುಗಳ ಪಹಣಿ ಬರೆದು ನಿವೃತ್ತರಾಗಿ, ಈಗ ಕೂಕಟ್‌ಪಲ್ಲಿಯಲ್ಲಿ ಮಗಳ ಮನೆಯಲ್ಲಿದ್ದವರು. ಈ ವರ್ಷ ಅವರ ಕಣ್ಣಿನ ಪೊರೆ ತೆಗೆಸಿದರು. ಹಳೆಯ ನೋಟುಬುಕ್ಕೂ ಆ ಗಡಿಬಿಡಿಯಲ್ಲಿ ಎಲ್ಲೋ ಸೇರಿಹೋಯಿತಂತೆ. ಹೊಸದಾಗಿ ಹೆಸರು ಸೇರಿಸುವವರು ಯಾರು ಎಂಬ ಪ್ರಶ್ನೆ ಒಂದು ಭಾನುವಾರ ಊಟದ ಹೊತ್ತಿನಲ್ಲಿ ಎದ್ದಿತು.

"ಫೋನಿನಾಗ ರೆಡಿಮೇಡ್ ಫಾರ್ಮ್ ಸಿಗ್ತಾವ," ಎಂದಳು ಸೂರ್ಯಕಾಂತನ ಹೆಂಡತಿ ಸ್ನೇಹಲತಾ. "ಹತ್ತು ಮಿನಿಟಿನ ಕೆಲಸ. ಎಲ್ಲಾರೂ ಅವರವ್ರ ಹೊಲದ ಹೆಸರು ಅವರೇ ಕನ್ನಡದಾಗ ತುಂಬ್ತಾರ."

ಅಲ್ಲಿಗೆ ಸುಮ್ಮನಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಮಾವನವರು ತನ್ನ ಕಡೆ ತಿರುಗಿದ್ದನ್ನು ಕಂಡು ಸೂರ್ಯಕಾಂತನ ನಾಲಿಗೆ ತಾನಾಗಿಯೇ ಎದ್ದು ನಿಂತಿತು.

"ರೆಡಿಮೇಡ್ ಯಾಕ್ರಿ ಮಾವಾರ? ನಾನೇ ಜಾವಾದಾಗ ಬರೀತೀನಿ."

ಜಾವಾ ಎಂಬುದು ಒಂದು ಕಂಪ್ಯೂಟರ್ ಭಾಷೆ ಎಂದು ಶಿವಶರಣಪ್ಪನವರಿಗೆ ಗೊತ್ತಿರಲಿಲ್ಲ. ಅಳಿಯ ಹನ್ನೊಂದು ವರ್ಷದಿಂದ ಒಂದೇ ಒಂದು ರಜಾ ಅರ್ಜಿಯ ಪ್ರೋಗ್ರಾಮನ್ನು ಎತ್ತಿ ಆಡಿಸಿಕೊಂಡಿದ್ದಾನೆ, ಆ ಅರ್ಜಿಯಲ್ಲಿ ಇಂಗ್ಲಿಷು ಬಿಟ್ಟು ಬೇರೆ ಭಾಷೆಯಲ್ಲಿ ಯಾರಿಗೂ ಜ್ವರ ಬಂದದ್ದೇ ಇಲ್ಲ ಎಂಬುದೂ ಗೊತ್ತಿರಲಿಲ್ಲ. "ಬರೀರಿ," ಎಂದರು.

ಹತ್ತು ಮಿನಿಟಿನ ಕೆಲಸಕ್ಕೆ ಹನ್ನೊಂದು ದಿನ ಹಿಡಿಯಿತು. ಆದರೂ ಕೆಲಸ ಚೆನ್ನಾಗಿಯೇ ಆಯಿತು ಎನ್ನಬೇಕು. ಫೋನ್ ನಂಬರು, ಹೆಸರು, ಹೊಲದ ಹೆಸರು, ಮೂರೇ ಖಾನೆ. ಕನ್ನಡದಲ್ಲಿ ತುಂಬಿ ನೋಡಿದ, ಕನ್ನಡದಲ್ಲಿಯೇ ಕೂತಿತು. ಎಲ್ಲರಿಗೂ ಕಳಿಸಬೇಕು ಎನ್ನುವಾಗ ಹೆದರಿಕೆ ಬಂದು ಪಕ್ಕದಲ್ಲಿ ಕುಳಿತಿತು. ನಾಳೆ ಯಾರಾದರೂ ಮಾವನವರಿಗೆ 'ನಾನು ತುಂಬಿದ್ದೆ, ನಿಮ್ಮ ಅಳಿಯನೇ ಕಳೆದ' ಎಂದರೆ? ಅದಕ್ಕೆ ಬಾಗಿಲಲ್ಲೇ ಒಬ್ಬ ಕಾವಲುಗಾರನನ್ನು ನಿಲ್ಲಿಸಿದ. ಯಾರ ಅರ್ಜಿ ಬಂದರೂ ಒಳಗೆ ಬಿಡುವ ಮೊದಲು ಅದನ್ನು ತೆರೆದು, ಯಾವ ನಂಬರಿನಿಂದ ಎಷ್ಟು ಹೊತ್ತಿಗೆ ಬಂತು ಎಂದು ಬರೆದಿಡುವುದು ಅವನ ಕೆಲಸ. ಇಂಥದಕ್ಕೆ ಜಾವಾದವರು ಫಿಲ್ಟರ್ ಎನ್ನುತ್ತಾರೆ. ಸೂರ್ಯಕಾಂತ ಅದಕ್ಕೆ 'ಸಾಕ್ಷಿ' ಎಂದು ಹೆಸರಿಟ್ಟ. ಸಾಕ್ಷಿ ಬಂದ ಮೇಲೆ ತನ್ನ ಫೋನ್ ನಂಬರು ಹಾಕಿ ಪರೀಕ್ಷಿಸಿದ. ನಂಬರು ಸರಿಯಾಗಿ ಬರೆದುಕೊಂಡಿತು. ಅಕ್ಷರಗಳನ್ನು ಇನ್ನೊಮ್ಮೆ ನೋಡುವ ಅಗತ್ಯ ಕಾಣಲಿಲ್ಲ.

ನಾಲ್ಕು ದಿನದಲ್ಲಿ ನಲವತ್ತೆಂಟೂ ಮನೆಯವರು ತುಂಬಿದರು. ಪ್ರತಿಯೊಬ್ಬರಿಗೂ 'ಧನ್ಯವಾದಗಳು' ಎಂದು ದುಂಡಾದ ಕನ್ನಡದಲ್ಲಿ ಉತ್ತರ ಹೋಯಿತು. ಹಬ್ಬಕ್ಕೆ ಸರಿಯಾಗಿ ಒಂದು ವಾರ ಇರುವಾಗ, ಭಾನುವಾರ, ಶಿವಶರಣಪ್ಪನವರು ಪಟ್ಟಿ ನೋಡಲು ಬಂದರು. ಸೂರ್ಯಕಾಂತ ಲ್ಯಾಪ್‌ಟಾಪನ್ನು ಅವರ ಎದುರಿಗೆ ತಿರುಗಿಸಿ ಒತ್ತಿದ.

ಫೋನ್ ನಂಬರುಗಳು ಸಾಲಾಗಿ ನಿಂತಿದ್ದವು. ಅವುಗಳ ಮುಂದೆ ಕನ್ನಡ ಇರಲಿಲ್ಲ. ಶಿವಶರಣಪ್ಪನವರ ಮಾವಿನ ಹೊಲ ಇರಬೇಕಾದ ಕಡೆ ಹೀಗಿತ್ತು:

à²®à²¾à²µà²¿à²¨ à²¹à³à²²

ನಲವತ್ತೆಂಟು ಸಾಲೂ, ಮನೆಯವರ ಹೆಸರೂ ಹೊಲದ ಹೆಸರೂ, ಹಾಗೆಯೇ. ತಲೆಯ ಮೇಲೆ ಗೀಟು ಎಳೆದುಕೊಂಡ ಒಂದು ಅಕ್ಷರ, ಅದರ ಹೆಗಲ ಮೇಲೆ ಸಣ್ಣ ಎರಡು, ಸಣ್ಣ ಮೂರು, ನಡುವೆ ಮುಕ್ಕಾಲಿನ ಗುರುತು, ತಲೆಕೆಳಗಾದ ಪ್ರಶ್ನೆ.

"ಇದೇನ್ರಿ ಅಳಿಯಾರ?"

"ಭದ್ರತಾರಿ ಮಾವಾರ." ಹೇಳಿದ ಮೇಲೆ ಅವನಿಗೇ ಕೇಳಿಸಿತು. "ಗುಪ್ತ ಲಿಪಿ. ಹೊರಗಿನವ್ರು ಯಾರೂ ಓದಬಾರದು ಅಂತ."

"ಹೊಲದ ಹೆಸರಿಗೆ?"

"ಈಗಿನ ಕಾಲ ಹಂಗ ಐತ್ರಿ."

ಶಿವಶರಣಪ್ಪನವರು ಬಹಳ ಹೊತ್ತು ಆ ಗುರುತುಗಳನ್ನು ನೋಡಿದರು. ಆಮೇಲೆ ಅಳಿಯನ ಭುಜದ ಮೇಲೆ ಕೈ ಇಟ್ಟರು. "ಭಾಳ ಶಾಣ್ಯಾ ಅದೀರಿ ನೀವು," ಎಂದರು.

ಹನ್ನೆರಡು ವರ್ಷದಲ್ಲಿ ಮೊದಲ ಮೆಚ್ಚುಗೆಯ ಮಾತು. ಸೂರ್ಯಕಾಂತನ ಕಣ್ಣು ತುಂಬಿ ಬಂತು. ಅದು ಸಂತೋಷಕ್ಕೋ ಭಯಕ್ಕೋ ಎಂದು ವಿಚಾರಿಸುವಷ್ಟರಲ್ಲಿ ಮಾವನವರು ಫೋನು ತೆಗೆದು ಲ್ಯಾಪ್‌ಟಾಪಿನ ಫೋಟೋ ಹೊಡೆದು, ಬಳಗದ ಗುಂಪಿಗೆ ಹಾಕಿ, ಕೆಳಗೆ ಬರೆದೂ ಬಿಟ್ಟಿದ್ದರು: 'ನಮ್ಮ ಅಳಿಯಂದಿರು ನಲವತ್ತೆಂಟು ಹೊಲಗಳನ್ನೂ ಗುಪ್ತ ಲಿಪಿಯಲ್ಲಿ ಭದ್ರ ಮಾಡಿದ್ದಾರೆ.'

ಇಪ್ಪತ್ತು ನಿಮಿಷ ಬರೀ ಕೈಮುಗಿದ ಚಿತ್ರಗಳು ಬಂದವು. ಇಪ್ಪತ್ತೊಂದನೆಯ ನಿಮಿಷಕ್ಕೆ ಬೂದೆಪ್ಪನವರ ದನಿ ಬಂತು. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿದ್ದರಿಂದ ಅವರು ಮೊಮ್ಮಗಳಿಂದ ಫೋಟೋ ದೊಡ್ಡದು ಮಾಡಿಸಿಕೊಂಡು, ಒಂದು ಕಣ್ಣಲ್ಲಿ ನೋಡಿ, ಮಾತನ್ನು ರೆಕಾರ್ಡು ಮಾಡಿ ಕಳಿಸಿದ್ದರು.

"ಶರಣಪ್ಪಣ್ಣಾರ, ಇದು ಗುಪ್ತ ಲಿಪಿ ಅಲ್ಲ, ನನ್ನ ಕಸಬು. ಸಣ್ಣಂಗ ಎರಡು, ಮೂರು ಅಂತ ಬರದೈತಲ್ಲ, ಅವು ಹಿಸ್ಸಾ. ಅಂದ್ರ ಸರ್ವೆ ನಂಬರ್ ಒಡದು ಪಾಲು ಮಾಡಿದ್ದು. ಅದರ ಬಾಜೂಕ ಇರೂದು ಮುಕ್ಕಾಲು ಪಾಲು. ತಲಿಕೆಳಗ ಪ್ರಶ್ನೆ ಹಾಕಿದ್ದು ತಕರಾರಿನ ಹೊಲ. ಮೂವತ್ತಾರು ವರ್ಷ ಇದನ್ನೇ ಬರದೀನಿ. ಯಾರೋ ನಮ್ಮ ಹೊಲ ಪಾಲು ಮಾಡಾಕತ್ತಾರ. ಆ ಪಟ್ಟಿ ಮೊದಲು ಅಳಸರಿ."

ತಲಾಟಿ ಹೇಳಿದ ಮೇಲೆ ಮುಗಿಯಿತು. ನಲವತ್ತೆಂಟು ಮನೆಯವರೂ ಫೋಟೋ ಹಿಗ್ಗಿಸಿ ತಮ್ಮ ನಂಬರು ಹುಡುಕಿದರು. ಮೊದಲ ಫೋನು ಮಣಿಕೊಂಡದ ತಾರಾ ಅವರದು.

"ಸೂರ್ಯಕಾಂತ ಅವ್ರ, ನಮಗ ಎರಡು ಮುಕ್ಕಾಲು ಬಂದಾವ. ಕೂಡಿಸಿದ್ರ ಒಂದೂವರಿ ಆಗ್ತದ. ಆ ಹೆಚ್ಚಿನ ಅರ್ಧ ಯಾರದೋ ಗೊತ್ತಿಲ್ಲ, ಆದ್ರ ಬಂದಿದ್ದು ವಾಪಸ್ ಕೊಡೂದಿಲ್ಲ ಅಂತ ನಮ್ಮ ಮನ್ಯಾರು ಹೇಳಾಕತ್ತಾರ."

ಎರಡನೆಯದು ಗಗನನದು. ಬೀದರಿನ ಹುಡುಗ, ಬ್ಯಾಂಕಿನಲ್ಲಿ ಕೆಲಸ, ಸಾಮಾನ್ಯವಾಗಿ ಧೈರ್ಯಸ್ಥ. "ಅಣ್ಣಾ, ನಮ್ದಕ್ಕ ಒಂದೂ ಮುಕ್ಕಾಲು ಇಲ್ಲ. ಬರೀ ಪ್ರಶ್ನೆ ಐತಿ. ಪಾಲು ಇಲ್ದ ತಕರಾರು ಹೆಂಗ ಬರ್ತದಣ್ಣಾ? ನಮ್ಮ ಕೆರಿ ಹೊಲ ಹೋತೇನು?"

ಸೂರ್ಯಕಾಂತ ಇಬ್ಬರಿಗೂ "ನೋಡ್ತೀನ್ರಿ" ಎಂದ. ಅದು ಅವನು ಆಫೀಸಿನಲ್ಲಿ ಹನ್ನೊಂದು ವರ್ಷ ಹೇಳಿ ಹೇಳಿ ಪಳಗಿಸಿಕೊಂಡ ಮಾತು.

ಎಲ್ಲಕ್ಕಿಂತ ಕೆಟ್ಟದ್ದು ಸಂಜೆ ಆಯಿತು. ಶಿವಶರಣಪ್ಪನವರ ಸಾಲಿನಲ್ಲಿ ಮುಕ್ಕಾಲೂ ಇತ್ತು, ಪ್ರಶ್ನೆಯೂ ಇತ್ತು. ಅವರು ಊರಲ್ಲಿರುವ ತಮ್ಮನಿಗೆ ಫೋನು ಮಾಡಿ ಒಂದೇ ಮಾತು ಕೇಳಿದರು. "ಉಳಿದ ಕಾಲು ಪಾಲು ಎಲ್ಲಿ ಹೋತು?"

"ಯಾವ ಕಾಲು ಪಾಲಣ್ಣಾ?"

"ಅದನ್ನ ನೀ ಹೇಳಬೇಕು. ತಕರಾರು ಹಾಕಿದವ ನೀ."

ನಲವತ್ತು ವರ್ಷ ಒಂದೇ ಪಹಣಿಯಲ್ಲಿದ್ದ ಅಣ್ಣತಮ್ಮಂದಿರು ಕತ್ತಲಾಗುವುದರೊಳಗೆ ಮಾತು ಬಿಟ್ಟರು. ಸ್ನೇಹಲತಾ ಅಡುಗೆಮನೆಯಲ್ಲಿ ಕೂತು ಅತ್ತಳು. "ನಮ್ಮಪ್ಪ ಕಾಕಾನ ಜೋಡಿ ಹಿಂಗ ಎಂದೂ ಮಾತಾಡಿದ್ದಿಲ್ಲ. ಅದನ್ನ ತೆಗದು ಓದಿಸಿಬಿಡ್ರಿ ಅವರಿಗೆ. ಗುಪ್ತ ಲಿಪಿದು ಕೀಲಿ ನಿಮ್ಮ ಕೈಯಾಗ ಐತಲ್ಲ."

ಆಗಲಾದರೂ ನಿಜ ಹೇಳಬಹುದಿತ್ತು. 'ಇದು ಪಾಲೂ ಅಲ್ಲ, ಕೀಲಿಯೂ ಅಲ್ಲ, ನನಗೆ ಗೊತ್ತಿಲ್ಲದ ಯಾವುದೋ ತಪ್ಪು' ಎಂಬ ಒಂದು ವಾಕ್ಯ ಸಾಕಿತ್ತು. ಆದರೆ ಭುಜದ ಮೇಲೆ ಮಾವನವರ ಕೈ ಇನ್ನೂ ಬೆಚ್ಚಗಿತ್ತು. ಸೂರ್ಯಕಾಂತ ಹೆಂಡತಿಗೂ "ನೋ​ಡ್ತೀನಿ" ಎಂದ. ಸೋಮವಾರ ಪ್ರತಿ ಮನೆಗೂ ತಾನೇ ಫೋನು ಮಾಡಿ ಹೊಲದ ಹೆಸರು ಮತ್ತೆ ಕೇಳಿ ಬರೆದುಕೊಳ್ಳಲು ಹೊರಟ. 'ಹೊಲ' ಎನ್ನುವಷ್ಟರಲ್ಲಿ ಜನ ಫೋನು ಇಟ್ಟುಬಿಡುತ್ತಿದ್ದರು. ಒಬ್ಬ ಹೆಂಗಸು "ನಮಗ ಹೊಲಾನೇ ಇಲ್ಲ, ನಾವು ಬೆಂಗಳೂರಿನವ್ರು" ಎಂದಳು. ಅವಳು ಕಲಬುರಗಿ ಹತ್ತಿರದ ಆಳಂದದವಳು.

ಬುಧವಾರ ಸಂಜೆ ಸೂರ್ಯಕಾಂತನ ಮನೆಯಲ್ಲೇ ಬಳಗದ ಸಭೆ ಸೇರಿತು. ಸೋಫಾ ತುಂಬಿ, ಮಂಚ ತುಂಬಿ, ನಾಲ್ವರು ವಾಷಿಂಗ್ ಮಷೀನಿಗೆ ಒರಗಿ ನಿಂತರು. ಇಷ್ಟು ಚಪ್ಪಲಿ ಒಟ್ಟಿಗೆ ಕಂಡದ್ದರಿಂದ ಕೆಳಗಿನ ಮಹಡಿಯ ತೆಲುಗು ನೆರೆಯವರು ಈ ಮನೆಯಲ್ಲಿ ಯಾರೋ ತೀರಿಹೋದರೆಂದು ತಿಳಿದು ಫ್ಲಾಸ್ಕಿನಲ್ಲಿ ಕಾಫಿ ತಂದುಕೊಟ್ಟು, ಸೂರ್ಯಕಾಂತನ ಮುಖ ನೋಡಿ, ಹೋದವರು ಅವನಿಗೆ ಬಹಳ ಹತ್ತಿರದವರೇ ಇರಬೇಕೆಂದು ಕೈ ಒತ್ತಿ ಹೋದರು.

"ಶುಕ್ರವಾರದ ಮಟ ಟೈಮ್ ಕೊಡೂಣು," ಎಂದರು ಬೂದೆಪ್ಪ. "ಕೀಲಿ ತೆರದು ಎಲ್ಲಾರಿಗೂ ತೋರಸ್ಲಿ. ಆಗಲಿಲ್ಲಂದ್ರ ಪಟ್ಟಿ ಪೂರಾ ಅಳಸ್ಲಿ. ಈ ವರ್ಷ ಹೆಸರು ಕೂಗೂದೇ ಬ್ಯಾಡ. ನನ್ನ ಮಾತು ಕೇಳ್ರಿ, ಅಳಸೂದೇ ಭೇಷ್."

"ಹೆಸರು ಕೂಗಲಾರದ ಚರಗ ಚೆಲ್ಲೂದೇನು?" ಎಂದರು ಶಿವಶರಣಪ್ಪ. "ಬಸುರಿ ಹೆಂಗಸು ನಲವತ್ತೆಂಟು ಬಾಗಿಲಾಗ ನಿಂತಾಳ. ಉಪವಾಸ ಕಳಸ್ತೀರೇನು?"

ಗಗನ ತನ್ನ ಫೋನು ನೋಡುತ್ತಾ ಬೂದೆಪ್ಪನವರನ್ನು ಮೆಲ್ಲಗೆ ಕೇಳಿದ. "ಕಾಕಾ, ನಿಮ್ಮ ನಂಬರಿನ ಮುಂದ ಮೂರು ಅದಾವಲ್ರಿ. ತಲಿಕೆಳಗಾದ ಪ್ರಶ್ನೆ."

ಬೂದೆಪ್ಪ ಕಾಫಿಯ ಲೋಟ ಕೆಳಗಿಟ್ಟರು. "ನಮ್ಮ ಹೊಲಕ್ಕ ತಕರಾರಿಲ್ಲ," ಎಂದರು, ಅಗತ್ಯಕ್ಕಿಂತ ಜೋರಾಗಿ. "ಎಂದೂ ಇರ್ಲಿಲ್ಲ." ಅಷ್ಟು ಹೇಳಿ ಕಣ್ಣಿಗೆ ಹನಿ ಹಾಕಿಕೊಳ್ಳುವ ಹೊತ್ತಾಯಿತೆಂದು ಎದ್ದು ಹೋದರು. ಸಭೆ ಶುಕ್ರವಾರದ ಗಡುವನ್ನು ಉಳಿಸಿಕೊಂಡು ಮುಗಿಯಿತು.

ಗುರುವಾರ ಸೂರ್ಯಕಾಂತ ಆಫೀಸಿನಲ್ಲಿ ನಿಖಿತಾಳ ಮೇಜಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಮೈಸೂರಿನ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ. ಅವಳಿಗೆ ಕೆಲಸ ಕಲಿಸಿದವನು ಇವನೇ, ಅದಕ್ಕೇ ಕೇಳಲು ಹೆದರಿಕೆ.

"ನನ್ನ ಸ್ನೇಹಿತ ಒಬ್ಬ ಇದ್ದಾನ. ಅವಂದು ಒಂದು ಪ್ರಾಬ್ಲಂ ಐತಿ."

"ಸರ್, ನಿಮ್ಮ ಸ್ನೇಹಿತರ ಲ್ಯಾಪ್‌ಟಾಪು ನಿಮ್ಮ ಕಂಕುಳಲ್ಲೇ ಇದೆಯಲ್ಲ. ಕೊಡಿ ನೋಡ್ತೀನಿ."

ಅವಳು ಮೊದಲು ಪಟ್ಟಿ ನೋಡಿದಳು, ಆಮೇಲೆ ಪ್ರೋಗ್ರಾಮು ನೋಡಿದಳು. ನಗಲಿಲ್ಲ. ಆ ಉಪಕಾರವನ್ನು ಸೂರ್ಯಕಾಂತ ಜನ್ಮದಲ್ಲಿ ಮರೆಯಲಾರ.

"ಫಾರ್ಮು ಬರುವಾಗ ಅಕ್ಷರವಾಗಿ ಬರಲ್ಲ ಸರ್, ಬರೀ ಅಂಕಿಗಳಾಗಿ ಬರುತ್ತೆ. ಕನ್ನಡದ ಒಂದೊಂದು ಗುರುತಿಗೂ ಮೂರು ಮೂರು ಅಂಕಿ. ಮೂರು ಮೂರನ್ನ ಕೂಡಿಸಿ ಓದು ಅಂತ ನಾವು ಮೊದಲೇ ಹೇಳ್ಬೇಕು."

"ಹೇಳೀನಲ್ಲ. ಯುಟಿಎಫ್ ಎಂಟು ಅಂತ ಮೊದಲನೇ ಸಾಲಿನಾಗ ಹೇಳೀನಿ."

"ಹೇಳಿದೀರಿ. ಆದ್ರೆ ಅದಕ್ಕೂ ಮುಂಚೆ ಬಾಗಿಲಲ್ಲಿ ಇನ್ಯಾರೋ ಫಾರ್ಮ್ ತೆರೆದು ಓದಿಬಿಟ್ಟಿದಾರೆ. ಯಾರು ಸರ್ ಇದು, ಸಾಕ್ಷಿ?"

"ಅವನ ಕಾವಲುಗಾರ," ಎಂದ ಸೂರ್ಯಕಾಂತ.

"ಒಂದು ಸಲ ಯಾರಾದ್ರೂ ಓದಿದ್ರೆ ಮುಗೀತು. ಆಮೇಲೆ ನಾವು ಎಷ್ಟು ಹೇಳಿದ್ರೂ ಜಾವಾ ಕಿವಿಗೆ ಹಾಕ್ಕೊಳ್ಳಲ್ಲ. ತಪ್ಪು ಅಂತ ಬೈಯೋದೂ ಇಲ್ಲ. ಒಂದು ಅಂಕಿಗೆ ಒಂದು ಅಕ್ಷರ ಅಂತ ಹಳೇ ಪದ್ಧತೀಲಿ ಓದ್ಕೊಂಡು ಹೋಗುತ್ತೆ. ಕನ್ನಡದ ದೀರ್ಘ ಬಂದ ಕಡೆಯೆಲ್ಲ ಈ ಮುಕ್ಕಾಲು ಬಂದಿದೆ ನೋಡಿ. ಗುಡಿಸು ಬಂದ ಕಡೆ ಈ ಪ್ರಶ್ನೆ. ನಿಮ್ಮ ಸ್ನೇಹಿತರು ಸಾಕ್ಷಿನ ಯಾಕೆ ಹಾಕಿದ್ರು?"

"ಹೆದರಿ ಹಾಕಿದ್ದಾನ," ಎಂದ ಸೂರ್ಯಕಾಂತ.

ಅವಳು ಒಂದು ಸಾಲನ್ನು ಸಾಕ್ಷಿಯ ಮುಂದಕ್ಕೆ ತಂದಿಟ್ಟಳು. ಅದು ಮುಂದೆ ಬರುವವರಿಗೆ. ಬಂದುಹೋದ ನಲವತ್ತೆಂಟಕ್ಕೆ ಇನ್ನೊಂದು ಸಾಲು ಬರೆದು, ಕೆಟ್ಟ ಅಕ್ಷರಗಳನ್ನು ಮತ್ತೆ ಅಂಕಿಗಳಿಗೆ ಒಡೆದು, ಮೂರು ಮೂರಾಗಿ ಕೂಡಿಸಿ ಓದಿಸಿದಳು. "ಏನೂ ಕಳೆದಿಲ್ಲ ಸರ್. ಎಲ್ಲಾ ಇತ್ತು, ಓದೋ ರೀತಿ ತಪ್ಪಿತ್ತು ಅಷ್ಟೇ."

ಮಾವಿನ ಹೊಲ ಬಂತು. ಕೆರಿ ಹೊಲ ಬಂತು. ತಾರಾ ಅವರ ಬೇವಿನ ಹೊಲ, ಕರಿ ಹೊಲ, ದೊಡ್ಡ ಬಾವಿ ಹೊಲ, ಒಂದಾದ ಮೇಲೊಂದು ಕನ್ನಡದಲ್ಲಿ ಬಂದು ನಿಂತವು. ಗುಡಿ ಹಿಂದಿನ ಹೊಲ ಎರಡು ಸಲ ಬಂತು, ಒಂದು ಬೂದೆಪ್ಪನವರದು, ಒಂದು ಹೊಸದಾಗಿ ಬಳಗ ಸೇರಿದ ರೋಹಿತನ ಮನೆಯದು. ಗುಡಿಗಳಿಗೇನು ಕಡಿಮೆ, ಹಿಂದೆ ಹೊಲಗಳಿಗೇನು ಕಡಿಮೆ ಎಂದುಕೊಂಡ ಸೂರ್ಯಕಾಂತ, ಕರ್ಚೀಫು ತೆಗೆದು ಆಫೀಸಿನ ನಡುವೆಯೇ ಕಣ್ಣೊರೆಸಿಕೊಂಡ.

ಶುಕ್ರವಾರ ಗುಂಪಿಗೆ ಸುದ್ದಿ ಹೋಯಿತು: ಕೀಲಿ ತೆರೆದಿದೆ, ಯಾರ ಹೊಲವೂ ಪಾಲಾಗಿಲ್ಲ, ಅಮಾವಾಸ್ಯೆಯ ದಿನ ಎಲ್ಲ ಹೆಸರನ್ನೂ ಕೂಗಲಾಗುವುದು. ಶಿವಶರಣಪ್ಪನವರು ತಮ್ಮನಿಗೆ ಫೋನು ಮಾಡಿ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿದರು. ಹಿರಿಯರು ತಪ್ಪಾಯಿತು ಎನ್ನುವುದು ಹಾಗೆ. ಅಳಿಯನಿಗೂ ಫೋನು ಬಂತು. "ನಾಳೆ ನಾಡಿದ್ದು ನಾಲ್ಕು ಮಂದಿ ಮುಂದ ಹೇಳ್ತೀನಿ, ಎಂಥಾ ಅಳಿಯ ಸಿಕ್ಕಾನ ಅಂತ." ಸೂರ್ಯಕಾಂತ ಅಂದು ಲಿಫ್ಟಿನಲ್ಲಿ ಸಿಳ್ಳೆ ಹಾಕಿದ.

ಶನಿವಾರ ನಾಲ್ಕು ಗಂಟೆಗೆ, ಸ್ನೇಹಲತಾ ಬಜ್ಜಿಗೆ ಕಾಳು ತರಲು ಹೋಗಿದ್ದಾಗ, ಬೂದೆಪ್ಪ ಬಂದರು. ಹಸಿರು ಪಟ್ಟಿ ತೆಗೆದಿದ್ದರು. ಒಳಗೆ ಬಂದವರು ಬಾಗಿಲು ತಾವೇ ಹಾಕಿದರು.

"ತೆರೀತಂತ ಕೇಳಿದೆ."

"ಹೌದ್ರಿ ಕಾಕಾ."

"ಎಲ್ಲಾವೂ?"

"ನಲವತ್ತೆಂಟೂ ತೆರದಾವ್ರಿ."

ಬೂದೆಪ್ಪ ಕುರ್ಚಿಯ ತುದಿಯಲ್ಲಿ ಕುಳಿತರು. ಆಗ ಸೂರ್ಯಕಾಂತ ಒಂದು ವಿಚಿತ್ರ ಕಂಡ. ಈ ಮನುಷ್ಯನ ಮೊಣಕಾಲು ನಡುಗುತ್ತಿತ್ತು. ಮೊಣಕಾಲು ಹಾಗೆ ನಡುಗುವುದನ್ನು ಅವನು ಈವರೆಗೆ ತನ್ನ ಪ್ಯಾಂಟಿನಲ್ಲಿ ಮಾತ್ರ ಕಂಡಿದ್ದ.

"ನಂಗ ಹೊಲ ಇಲ್ಲೋ ಸೂರ್ಯಾ," ಎಂದರು ಬೂದೆಪ್ಪ. "ಮೂವತ್ತಾರು ವರ್ಷ ಸರಪಳಿ ಹಿಡದು ಊರ ಮಂದಿ ಹೊಲ ಅಳದೀನಿ. ನನ್ನ ಹೆಸರಿಲೆ ಒಂದು ಗುಂಟೆ ಇಲ್ಲ. ಮೊದಲನೇ ವರ್ಷ ನಿಮ್ಮ ಮಾವ ಪಟ್ಟಿ ಬರಿ ಅಂದ್ರು. ಎಲ್ಲಾರದೂ ಬರದೆ. ಕಡೀಕ ನನ್ನ ಸಾಲು ಬಂತು. ಖಾಲಿ ಬಿಡಾಕ ಕೈ ಬರಲಿಲ್ಲ. ಗುಡಿ ಹಿಂದಿನ ಹೊಲ ಅಂತ ಬರದೆ. ಏಳು ವರ್ಷ ಅದನ್ನೇ ಕೂಗಿಸ್ಕೊಂಡೆ."

"ರೋಹಿತನ ಮನೀದೂ ಅದೇ ಐತಲ್ರಿ."

"ಅದು ಅವರದೇ. ಅವರಪ್ಪಂದು. ಒಂದೇ ಊರು ನಮ್ದು. ಅವರು ಬಳಗ ಸೇರ್ಯಾರ ಅಂತ ನಾ ತುಂಬಿದ ಮ್ಯಾಲ ಗೊತ್ತಾತು. ನಾಳೆ ಮುದುಕ ಊರಿಂದ ಬರಾಕತ್ತಾನ. ಅವನ ಎದುರಿಗೆ ಅವನ ಹೊಲ ನನ್ನ ಹೆಸರಿಗೆ ಕೂಗಿದ್ರ..."

"ಬ್ಯಾರೆ ಹೆಸರು ಹಾಕಲೇನ್ರಿ ಕಾಕಾ?"

"ಆ ತಾಯಿ ಮುಂದ ಏಳು ಸುಳ್ಳು ಹೇಳೀನಿ. ಎಂಟನೇದು ಬ್ಯಾಡ. ಅಳಿಸಿದ್ರ ಒಂದು ಮನಿ ಕಡಿಮಿ ಆಗಿ ನಿಮ್ಮ ಮಾವ ಹುಡುಕ್ತಾರ. ಮೊದಲು ಹೆಂಗ ಕೆಟ್ಟಿತ್ತೋ ನಂದೊಂದು ಹಂಗ ಇರಲಿ. ಯಾರಿಗೂ ಓದಾಕ ಬರಬಾರದು." ಎದ್ದು ನಿಂತು ಕೈ ಮುಗಿದರು. ಎಪ್ಪತ್ತರ ಮೇಲಿನವರು ತನಗೆ ಕೈ ಮುಗಿದದ್ದು ಕಂಡು ಸೂರ್ಯಕಾಂತನಿಗೆ ಇನ್ನಷ್ಟು ಹೆದರಿಕೆಯಾಯಿತು.

ಅವರು ಹೋದ ಮೇಲೆ ಲ್ಯಾಪ್‌ಟಾಪು ತೆರೆದ. ಹನ್ನೊಂದು ವರ್ಷದಲ್ಲಿ ಅವನು ಮಾಡಿದ ತಪ್ಪುಗಳೆಲ್ಲ ತಿಳಿಯದೆ ಮಾಡಿದವು. ಅಂದು ಮೊದಲ ಬಾರಿಗೆ, ತಿಳಿದು, ಒಂದು ಸಾಲನ್ನು ತಪ್ಪು ರೀತಿಯಲ್ಲಿ ಓದಿಸಿ ಕೆಡಿಸಿದ. ನಾಲ್ಕು ಸಲ ಪರೀಕ್ಷಿಸಿದ. ಅಚ್ಚುಕಟ್ಟಾಗಿ ಕೆಟ್ಟಿತ್ತು. ಫೋನ್ ನಂಬರುಗಳನ್ನು ಬಿಟ್ಟು ಪಟ್ಟಿಯನ್ನು ಮುದ್ರಿಸಿಕೊಂಡ.

ಭಾನುವಾರ ಮಲ್ಲಯ್ಯನ ಜೋಳ ಎದೆಯೆತ್ತರ ನಿಂತಿತ್ತು. ಜೋಳದ ದಂಟಿನ ಸೊಪ್ಪೆಯಿಂದ ಪುಟ್ಟ ಕೊಂಪೆ ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಸುಣ್ಣ ಹಚ್ಚಿ ಪೂಜೆ ಮಾಡಿದರು. ನಲವತ್ತೆಂಟು ಮನೆಯವರು ಬದುವಿನ ಮೇಲೆ ಸಾಲಾಗಿ ನಿಂತರು. ಮಲ್ಲಯ್ಯ ತನ್ನ ಹೊಲಕ್ಕೆ ಇಷ್ಟೊಂದು ಹೆಸರಿಡುವುದನ್ನು ಪ್ರತಿ ವರ್ಷದಂತೆ ಆಶ್ಚರ್ಯದಿಂದ ನೋಡುತ್ತ ಪಂಪಿನ ಕಟ್ಟೆಯ ಮೇಲೆ ಕುಳಿತ. ಶಿವಶರಣಪ್ಪನವರು ಮೊದಲು ಮಾವಿನ ಹೊಲ ಎಂದು ಕೂಗಿ ತಾವೇ ಚೆಲ್ಲಿದರು. ಆಮೇಲೆ ಬೇವಿನ ಹೊಲ. ತಾರಾ ಓಗೊಟ್ಟರು. ಕೆರಿ ಹೊಲ. ಗಗನ ಗಂಟಲು ಹರಿಯುವಂತೆ ಕೂಗಿದ. ರೋಹಿತ, ಗುಡಿ ಹಿಂದಿನ ಹೊಲ. ಊರಿಂದ ಬಂದ ಮುದುಕ ಒಂದು ಹಿಡಿ ಬಜ್ಜಿ ತೂರಿದ. ನಲವತ್ತೇಳು ಆದವು.

ಶಿವಶರಣಪ್ಪನವರು ಕೊನೆಯ ಸಾಲಿಗೆ ಬಂದು ನಿಂತರು. ಕನ್ನಡಕ ಸರಿಮಾಡಿಕೊಂಡರು. "ಇದೇನ್ರಿ ಅಳಿಯಾರ?"

ನಲವತ್ತೆಂಟು ಮನೆಯವರು ಸೂರ್ಯಕಾಂತನ ಕಡೆ ತಿರುಗಿದರು.

"ಅದೊಂದು ತೆರೀಲಿಲ್ರಿ ಮಾವಾರ. ಖರೇ ಹೇಳ್ತೀನಿ, ಗುಪ್ತ ಲಿಪಿ ಅಂತ ಏನೂ ಇದ್ದಿದ್ದಿಲ್ಲ. ನನ್ನ ಪ್ರೋಗ್ರಾಮ್ ತಪ್ಪಿತ್ತು. ನಿಮಗ ಹೆದರಿ ಸುಳ್ಳು ಹೇಳಿದ್ದೆ."

ಬದುವಿನ ಮೇಲೆ ಗುಜುಗುಜು ಹುಟ್ಟಿತು. ಹಿಂದಿನಿಂದ ಯಾರೋ ನಕ್ಕರು. ಶಿವಶರಣಪ್ಪನವರ ಮುಖ ಕಪ್ಪಿಟ್ಟಿತು. "ನಾಲ್ಕು ಮಂದಿ ಮುಂದ ಹೇಳ್ತೀನಿ ಅಂದಿದ್ದೆ," ಎಂದು ಅರ್ಧಕ್ಕೆ ನಿಲ್ಲಿಸಿದರು. "ಇರಲಿ. ಉಳದವ ಬೂದೆಪ್ಪ ಒಬ್ಬನೇ. ಅವಂದು ನನಗ ಬಾಯಿಪಾಠ ಐತಿ." ಜೋಳದ ಕಡೆ ತಿರುಗಿ ಬಾಯಿ ತೆರೆದರು. "ಗುಡಿ..."

"ಬ್ಯಾಡ್ರಿ ಮಾವಾರ."

ಹನ್ನೆರಡು ವರ್ಷದಲ್ಲಿ ಸೂರ್ಯಕಾಂತ ಅವರ ಮಾತಿಗೆ ಅಡ್ಡ ಬಂದದ್ದು ಇದೇ ಮೊದಲು. "ಪಟ್ಟಿಯಾಗ ಇದ್ದದ್ದನ್ನ ಕೂಗ್ರಿ."

"ಪಟ್ಟಿಯಾಗ ಏನೂ ಇಲ್ಲಲ್ರೀ."

"ಇಲ್ಲದ್ದನ್ನೇ ಕೂಗ್ರಿ."

ಶಿವಶರಣಪ್ಪನವರು ಅಳಿಯನನ್ನು ನೋಡಿದರು. ಅಲ್ಲಿಂದ ಅವರ ಕಣ್ಣು ಬೂದೆಪ್ಪನವರ ಕಡೆ ಹೋಯಿತು. ತಲಾಟಿ ಒಂದು ಹಿಡಿ ಚರಗ ಹಿಡಿದು ನೆಲ ನೋಡುತ್ತ ನಿಂತಿದ್ದರು, ಬೆರಳ ಸಂದಿಯಿಂದ ಅಂಬಲಿ ತೊಟ್ಟಿಕ್ಕುತ್ತಿತ್ತು. ಆಚೆಗೆ ರೋಹಿತನ ಅಪ್ಪ ನಿಂತಿದ್ದ. ನಲವತ್ತು ವರ್ಷ ಮಾರುಕಟ್ಟೆಯಲ್ಲಿ ಕೂತ ಮನುಷ್ಯನಿಗೆ ಮುಖ ಓದುವುದಕ್ಕೆ ಯಾವ ಕೀಲಿಯೂ ಬೇಕಾಗಿರಲಿಲ್ಲ. ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಬೆಳೆಯ ಕಡೆ ಮುಖ ಮಾಡಿದರು.

"ಹೆಸರಿಲ್ಲದ ಹೊಲಾ..." ಎಂದು ಕೂಗಿದರು.

ಬೂದೆಪ್ಪನವರ ಕೈ ಮೇಲೆದ್ದಿತು, ಚರಗ ಜೋಳದ ಮೇಲೆ ಬಿದ್ದಿತು, ಆದರೆ ಅವರು ಓಗೊಡಲಿಲ್ಲ. ಅವರ ಬದಲಿಗೆ ತಾರಾ ಓಗೊಟ್ಟರು. ಅವರದು ಆಗಲೇ ಆಗಿತ್ತು. ಗಗನ ಮತ್ತೊಂದು ಹಿಡಿ ತೆಗೆದುಕೊಂಡು ಕೂಗಿದ. ವಾರದ ಹಿಂದೆ ಬೆಂಗಳೂರಿನವಳಾಗಿದ್ದ ಆಳಂದದ ಹೆಂಗಸು ಎರಡೂ ಕೈಯಿಂದ ಚೆಲ್ಲಿದಳು. ಬದುವಿನ ಈ ತುದಿಯಿಂದ ಆ ತುದಿಗೆ, ತಮ್ಮ ತಮ್ಮ ಹೊಲದ ಹೆಸರು ಕೂಗಿಸಿಕೊಂಡವರೇ ಇನ್ನೊಮ್ಮೆ ಬುಟ್ಟಿಗೆ ಕೈ ಹಾಕುತ್ತಿದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಸೂರ್ಯಕಾಂತನ ಅಪ್ಪ ಬೀದರಿನಲ್ಲಿ ಮನೆ ಮನೆಗೆ ಟಪಾಲು ಹಂಚಿದವರು. ಅವರಿಗೂ ಹೊಲವಿರಲಿಲ್ಲ. ಏಳು ವರ್ಷ ಅವನು ಮಾವನವರ ಮಾವಿನ ಹೊಲದ ಹಿಂದೆ ನಿಂತು ತುಟಿ ಅಲ್ಲಾಡಿಸಿದ್ದ. ಈಗ ಸ್ನೇಹಲತಾಳ ಬುಟ್ಟಿಯಿಂದ ಒಂದು ಹಿಡಿ ತುಂಬಿಕೊಂಡು ಜೋಳದೊಳಗೆ ಎಸೆದು ಕೂಗಿದ. ಪಂಪಿನ ಕಟ್ಟೆಯ ಮೇಲಿದ್ದ ಮಲ್ಲಯ್ಯ ಎದ್ದು ನಿಂತ. ಗಂಡನಿಗೆ ಅಷ್ಟು ದೊಡ್ಡ ದನಿ ಇದೆ ಎಂಬುದು ಸ್ನೇಹಲತಾಗೆ ಅಂದಿನವರೆಗೆ ಗೊತ್ತಿರಲಿಲ್ಲ.